ಎಡಗಾಲನ್ನೇ ನೆಕ್ಕುತ್ತಿದ್ದ ಕೆಂಚ

2022ರ ಸಂಕ್ರಾಂತಿ — ಕೆಂಚ ಎಂಬ ನಾಯಿಮರಿ ಜಡೆ ಊರಿನ ನಿಮ್ಮ ಮನೆಗೆ ಬಂದದ್ದು ಆ ದಿನ. ಅದರ ಲಸಿಕೆಯ ಕಾರ್ಡಿನ ಮೇಲೆ ಹಾಗೆಂದು ನಾನೇ ಬರೆದದ್ದನ್ನು ಇಂದು ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಂಡೆ. ಅಕ್ಕಾ, ನಿನ್ನ ಕಾಲನ್ನು ಕೆಡಿಸಿದ್ದು ಕೆಂಚನಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆಸ್ಪತ್ರೆಯಲ್ಲಿ ಬೇರೆಯದನ್ನೇ ಹೇಳಿದೆ.

ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸುತ್ತಲೇ ನಿವೃತ್ತನಾದವನು ನಾನು. ನಾಯಿ ಮನುಷ್ಯರನ್ನು ಏಕೆ ನೆಕ್ಕುತ್ತದೆ ಎಂದು ಯಾರು ಕೇಳಿದರೂ ಉತ್ತರ ಸಿದ್ಧವಿರುತ್ತಿತ್ತು — ಬೆವರಿನ ಉಪ್ಪು, ಕೈಗಂಟಿದ ಅನ್ನದ ವಾಸನೆ, ಮರಿಯಾಗಿದ್ದಾಗ ತಾಯಿಯ ಬಾಯಿ ನೆಕ್ಕಿ ಉಣಿಸು ಬೇಡಿದ ಅಭ್ಯಾಸ, ಸಲಿಗೆ. ಗಾಯವಿದ್ದರೆ ಅದನ್ನೂ ನೆಕ್ಕುತ್ತದೆ ಎಂಬುದನ್ನು ಕೊನೆಯಲ್ಲಿ ಸೇರಿಸುತ್ತಿದ್ದೆ. ನಿನಗೆ ಮಾತ್ರ ಸೇರಿಸಲಿಲ್ಲ.

ಒಡೆದ ಹಿಮ್ಮಡಿಗೆ ಬೆಣ್ಣೆ ಹಚ್ಚಿ ಜಗುಲಿಯಲ್ಲಿ ಕೂರುವುದು ನಿನ್ನ ರೂಢಿ. ಸಕ್ಕರೆ ಕಾಯಿಲೆಯಿಂದ ಪಾದಗಳು ಮರಗಟ್ಟಿದ್ದವು. ಮುಳ್ಳು ಚುಚ್ಚಿದರೂ ನಿನಗೆ ತಿಳಿಯುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ನಾನು ಶಿಕಾರಿಪುರದಿಂದ ಬಂದಿದ್ದಾಗ ನೀನು ಕೇಳಿದೆ:

“ಎರಡೂ ಕಾಲಿಗೆ ಬೆಣ್ಣೆ ಹಚ್ಕಂಡಿದೀನಿ ಮಾರಾಯ. ಇದು ಎಡಗಾಲೊಂದನ್ನೇ ನೆಕ್ತದೆ. ಯಾಕೋ?”

“ಬಲಗಾಲಿನ ಬೆಣ್ಣೆ ಹಳಸಿರ್ಬೇಕು ಬಿಡಕ್ಕ,” ಎಂದೆ.

ಭಾವ ನಕ್ಕರು. ನೀನೂ ನಕ್ಕೆ.

ಒಂದೇ ಬೆಣ್ಣೆ, ಎರಡು ಪಾದ, ಒಂದನ್ನೇ ಆರಿಸಿಕೊಳ್ಳುವ ನಾಯಿ — ಇಂಥ ಸಂಗತಿಯನ್ನು ವಿದ್ಯಾರ್ಥಿಯೊಬ್ಬ ತಂದಿದ್ದರೆ ಅವನನ್ನು ಕೂರಿಸಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದೆ. ತಂದವಳು ಅಕ್ಕ. ಬಗ್ಗಿ ಒಮ್ಮೆ ನಿನ್ನ ಪಾದ ನೋಡಿದ್ದರೆ...

ಮಳೆಗಾಲದ ಹೊತ್ತಿಗೆ ಆ ಎಡಗಾಲಿನ ಬೆರಳ ಸಂದಿನ ಹುಣ್ಣು ಎಲುಬಿಗಿಳಿದಿತ್ತು. ಎಷ್ಟು ಸಮಯದಿಂದ ಎಂದು ವೈದ್ಯರು ಕೇಳಿದರು. ಭಾವ ನನ್ನ ಮುಖ ನೋಡಿದರು. ನಿಜ ಹೇಳಹೊರಟರೆ ಆ ನಗೆಮಾತನ್ನೂ ಹೇಳಬೇಕಾಗುತ್ತಿತ್ತು —

“ನಾಯಿ ನೆಕ್ಕಿ ನೆಕ್ಕಿ ಹುಣ್ಣಾಗಿದೆ ಸರ್,” ಎಂದೆ.

ಅದರ ಜೊಲ್ಲಿನಿಂದ ಹುಣ್ಣು ಇನ್ನಷ್ಟು ಕೆಟ್ಟಿರಬಹುದು, ಅಲ್ಲಗಳೆಯಲಾರೆ. ಆದರೆ ಹುಣ್ಣನ್ನು ತಂದದ್ದು ಕೆಂಚನಲ್ಲ. ಇದ್ದ ಹುಣ್ಣು ಅದಕ್ಕೆ ಗೊತ್ತಾಗಿತ್ತು, ಅಷ್ಟೆ. ನಿನ್ನ ಎರಡು ಬೆರಳು ತೆಗೆದರು. ಮರಳಿ ಬರಲಾರದಷ್ಟು ದೂರವಿರಲೆಂದು ಭಾವ ಕೆಂಚನನ್ನು ಅಂಜನಾಪುರದ ಡ್ಯಾಮಿನ ಬಳಿ ಬಿಟ್ಟುಬಂದರು. ನೀನು ತಡೆಯಲಿಲ್ಲ. “ಸಲಿಗೆ ಕೊಟ್ಟು ನಾನೇ ಕೆಟ್ಟೆ” ಎಂದು ಇಂದಿಗೂ ಹೇಳುತ್ತೀ. ಅಂಗಳಕ್ಕೆ ಬಂದ ಯಾವ ಮರಿಗಾದರೂ ಕೋಲೆತ್ತುತ್ತೀ. ಅದನ್ನು ನೋಡಿಯೂ ನಾನು ಕಾಫಿ ಕುಡಿದು ಬಸ್ಸು ಹತ್ತಿದ್ದೇನೆ.

ಭಾನುವಾರ ಜಡೆಗೆ ಬಂದು ಇದನ್ನು ನಿನ್ನೆದುರು ಓದುತ್ತೇನೆ. ಆ ಹುಣ್ಣನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯಲ್ಲಿ — ಇಷ್ಟಾದರೂ ನಿಜವೆಂದು ಇಲ್ಲಿಯತನಕ ನಂಬಿದ್ದೆ. ಕಂಡೂ ಸುಮ್ಮನಿದ್ದವನಲ್ಲ, ನೋಡದೆ ಹೋದವನು ಎಂದು.

ದಿನಗಳನ್ನು ತಾಳೆ ನೋಡಲು ಭಾವ ಮೊಬೈಲಿಗೆ ಕಳುಹಿಸಿದ್ದ ಹಳೆಯ ಫೋಟೊಗಳನ್ನು ತೆರೆದೆ. 2021ರ ಬಲಿಪಾಡ್ಯಮಿ, ಕೆಂಚ ಇನ್ನೂ ಮನೆಗೆ ಬಂದಿಲ್ಲ. ಹಸುವಿಗೆ ಹಾರ ಹಾಕಿ ನೀನು ಮೆಟ್ಟಿಲ ಮೇಲೆ ಕೂತಿದ್ದೀ. ಎಡಗಾಲಿನ ಬೆರಳಿಗೆ ಬಟ್ಟೆಯ ಪಟ್ಟಿ. ಬಗ್ಗಿ ಅದನ್ನು ಕಟ್ಟುತ್ತಿರುವವನು ನಾನು.