ಹುಲ್ಲು ಮುಟ್ಟದ ಹುತ್ತ

ಬೆಳಗಿನ ಐದೂವರೆ. ಹುತ್ತದ ಮೇಲಿಟ್ಟ ಹುಲ್ಲಿಗೆ ಮಣ್ಣು ಹತ್ತಿಲ್ಲ.

ಪೋನ್‌ಕೇವ್ ತೆಂಗಿನ ಕರಟವನ್ನು ಎತ್ತಿ ಪಕ್ಕಕ್ಕಿಟ್ಟು, ಅದರಡಿಯ ಹುಲ್ಲಿನ ಸಿವುಡನ್ನು ತಿರುಗಿಸಿ ನೋಡುತ್ತಾರೆ. ನಿನ್ನೆ ಸಂಜೆ ಇಟ್ಟಾಗ ಹೇಗಿತ್ತೋ ಹಾಗೇ ಇದೆ. ಒಳಗೆ ಗೆದ್ದಲು ಚುರುಕಾಗಿದ್ದರೆ ಬೆಳಗಾಗುವುದರೊಳಗೆ ಹುಲ್ಲಿಗೆ ಹಸಿ ಮಣ್ಣು ಮೆತ್ತಿರುತ್ತದೆ. ಮೆತ್ತಿದ್ದರೆ ಹುತ್ತ ಕಡಿಯಬಹುದು, ಇಲ್ಲದಿದ್ದರೆ ಕಡಿಯುವಂತಿಲ್ಲ. ಚಂಪಾಸಾಕ್ ಸೀಮೆಯ ನಾಡೋನ್ ಊರಿನಲ್ಲಿ ಹುತ್ತ ಕಡಿಯುವವರು ಪಾಲಿಸಿಕೊಂಡು ಬಂದ ಕಟ್ಟು ಇದು. ಪೋನ್‌ಕೇವ್ ಹಾರೆಯನ್ನು ಬದುವಿಗೆ ಒರಗಿಸಿ ಕೂತುಬಿಡುತ್ತಾರೆ. ಅವರಿಗೆ ಐವತ್ತೆಂಟು ವರ್ಷ.

ಗದ್ದೆಯ ಒಡೆಯ ಥೋಂಗ್‌ಸಾ, ಪೋನ್‌ಕೇವ್ ಅವರ ತೀರಿಹೋದ ಗಂಡನ ತಮ್ಮ. ದೂರದಿಂದಲೇ ಕೂಗಿ ಕೇಳುತ್ತಾರೆ, "ಏನತ್ತಿಗೆ, ಉಸಿರಿದೆಯಾ?"

"ಗೊತ್ತಿಲ್ಲಪ್ಪ."

"ಹುಲ್ಲು ಮುಟ್ಟಿಲ್ಲ ಅಂದ್ರೆ ಸತ್ತಿದೆ ಅಂತ. ನೀವೇ ಹೇಳಿದ್ದು."

"ಕಡೀಬೇಡ ಅಂತ ಹೇಳಿದ್ದೆ. ಸತ್ತಿದೆ ಅಂತ ಯಾವಾಗ ಹೇಳ್ದೆ?"

ಥೋಂಗ್‌ಸಾಗೆ ಅವಸರವಿದೆ. ಊರ ರಸ್ತೆಗೆ ಮಣ್ಣು ಬೇಕಾಗಿ, ನಾಳೆ ಎಂಟಕ್ಕೆ ಅಗೆಯುವ ಯಂತ್ರ ಈ ಬಯಲಿಗೆ ಬರುತ್ತದೆ. ಹುತ್ತಗಳನ್ನು ಬುಡಸಮೇತ ಎತ್ತಿ ಗದ್ದೆ ಸಮ ಮಾಡಿಕೊಟ್ಟು ಹೋಗುತ್ತದೆ. "ಇದನ್ನ ಸುತ್ತಿ ಸುತ್ತಿ ಟಿಲ್ಲರ್ ಹೊಡೆದು ನನ್ನ ತಲೆ ತಿರುಗ್ತಿದೆ. ಸತ್ತಿದ್ದಕ್ಕೆ ಯಾಕೆ ಇಷ್ಟು ಜಾಗ?" ಎನ್ನುವುದು ಅವರ ವಾದ. ಪೋನ್‌ಕೇವ್ ಪಾಳಿಯ ಮೇಲೆ ಮಣ್ಣು ತೆಗೆಯುವ ಹುತ್ತಗಳಲ್ಲಿ ದೊಡ್ಡದು ಇದೇ. ಇದೂ ಹೋದರೆ ಊರಿನ ಈ ಮಗ್ಗುಲಲ್ಲಿ ಅವರ ಹಾರೆಗೆ ಕೆಲಸವಿಲ್ಲ.

ಇಲ್ಲಿನ ಗದ್ದೆಗಳು ಬರೀ ಮರಳು. ನೀರು ನಿಲ್ಲುವುದಿಲ್ಲ, ಗೊಬ್ಬರ ಹಿಡಿಯುವುದಿಲ್ಲ. ಗೆದ್ದಲು ಮಾತ್ರ ಆಳದ ಜೇಡಿಯನ್ನು ಕಣಕಣವಾಗಿ ಮೇಲೆ ತಂದು ಗೋಪುರ ಕಟ್ಟುತ್ತದೆ. ಕೊಯ್ಲು ಮುಗಿದ ಮೇಲೆ ಹುತ್ತದ ಒಂದು ಮಗ್ಗುಲನ್ನಷ್ಟೇ ಕಡಿದು, ಪುಡಿ ಮಾಡಿ, ಸಸಿಮಡಿಗೂ ಮೆಣಸಿನ ಪಾತಿಗೂ ಹರಡುವುದು ಪೋನ್‌ಕೇವ್ ಕೆಲಸ. ಮರುವರ್ಷ ಇನ್ನೊಂದು ಮಗ್ಗುಲು. ಅಷ್ಟರಲ್ಲಿ ಮೊದಲಿನ ಗಾಯ ತುಂಬಿರುತ್ತದೆ. ನಡುವಿನ ಗಟ್ಟಿ ತಿರುಳಿನಲ್ಲಿ ರಾಣಿ ಇರುತ್ತದೆ, ಅದರ ಸುತ್ತ ಗೆದ್ದಲು ಬೆಳೆಸುವ ಬೂಸ್ಟಿನ ತೋಟ. ಮಳೆಗಾಲದಲ್ಲಿ ಊರವರು ಕಿತ್ತು ತರುವ ಅಣಬೆ ಏಳುವುದು ಆ ತೋಟದಿಂದಲೇ. ಅಲ್ಲಿಗೆ ಹಾರೆ ತಾಗಬಾರದು.

ಎಲ್ಲ ಹುತ್ತವೂ ಕಡಿಯಲು ಬರುವುದಿಲ್ಲ. ಹಳದಿ ಹೊಟ್ಟೆಯ ಗೆದ್ದಲಿನದು ಸಣ್ಣ ಗುಮ್ಮಟ. ಕೆಣಕಿದರೆ ಅದರ ಕಾವಲಿನವು ಮೈ ಒಡೆದುಕೊಂಡು ಹಳದಿ ಅಂಟು ಕಾರುತ್ತವೆ. ಕಪ್ಪು ಗೆದ್ದಲು ಬಯಲಲ್ಲೇ ಸಾಲುಗಟ್ಟಿ ನಡೆದು ಮರದ ತೊಗಟೆಯ ಪಾಚಿ ಹೊತ್ತು ತರುತ್ತದೆ. ಅದರ ತಂಟೆ ಯಾರಿಗೂ ಬೇಡ. ಮಣ್ಣು ಕೊಡುವುದು ಕಂದು ತಲೆಯ ದೊಡ್ಡ ಜಾತಿ. "ಕಚ್ಚಿದ್ರೆ ಬಿಡಲ್ಲ. ಎಳೆದ್ರೆ ಮೈ ಕಿತ್ತು ಬರುತ್ತೆ, ತಲೆ ಇಲ್ಲೇ ಇರುತ್ತೆ," ಎಂದು ಪೋನ್‌ಕೇವ್ ಮೊಣಕೈ ತೋರಿಸುತ್ತಾರೆ. ಅಲ್ಲಿ ಚರ್ಮ ಗಂಟುಗಂಟಾಗಿದೆ. ಕಾವಡಿಯಲ್ಲಿ ದಿನಕ್ಕೆ ಮೂವತ್ತು ನಲವತ್ತು ಬುಟ್ಟಿ ಮಣ್ಣು ಹೊತ್ತ ಬಲಭುಜ ಈಗ ಪೂರ್ತಿ ಏಳುವುದಿಲ್ಲ. ಕೂದಲು ಬಾಚಲು ಎಡಗೈಯೇ ಬೇಕು.

ಮಧ್ಯಾಹ್ನ ಇಬ್ಬರೂ ಹುತ್ತದ ಮೇಲೆ ಬೆಳೆದ ಹುಣಸೆಯ ನೆರಳಲ್ಲಿ ಕೂತು ಅಂಟನ್ನವನ್ನು ಮೆಣಸಿನ ಚಟ್ನಿಗೆ ಅದ್ದಿ ತಿನ್ನುತ್ತಾರೆ.

"ಒಂದೇ ಒಂದು ಏಟು ಹಾಕಿ ಒಳಗೆ ನೋಡಿಬಿಡಿ ಅತ್ತಿಗೆ. ತೀರ್ಮಾನ ಆಗಿಹೋಗ್ಲಿ."

"ಜೀವ ಕೈಲಿ ಹಿಡ್ಕೊಂಡಿದ್ರೆ ಆ ಏಟಿಗೇ ಹೋಗುತ್ತೆ. ಹೋದ ವರ್ಷ ಏನ್ ಮಾಡಿದ್ವಿ, ನೆನಪಿದೆಯಾ?"

ಹೋದ ವರ್ಷ ಮನೆಯಲ್ಲಿ ಮದುವೆ ಇತ್ತು. ಹುತ್ತ ಕಡಿಯುವುದು ತಡವಾಗಿ, ಮೊದಲ ಮಳೆ ಬಿದ್ದ ಮೇಲೆ ಕಡಿದರು. ಅವಸರ ಮಾಡಿದ್ದು ಮೈದುನ, ಒಪ್ಪಿದ್ದು ಅತ್ತಿಗೆ. ಗಾಯ ಒಣಗುವ ಮೊದಲೇ ಇನ್ನೊಂದು ಮಳೆ ಬಂದು ನೀರು ಒಳಗೆ ಇಳಿಯಿತು.

"ಅವು ಕಟ್ಟಿದ್ದನ್ನ ನಾವು ಒಡೀತೀವಿ, ಅವು ಮತ್ತೆ ಕಟ್ಟುತ್ವೆ. ಅವಕ್ಕೂ ಸಾಕಾಗಿರಬಹುದು. ನನಗಂತೂ ಸಾಕಾಗಿದೆ," ಎನ್ನುತ್ತಾರೆ ಪೋನ್‌ಕೇವ್. ಕೈ ಒರೆಸಿಕೊಳ್ಳುತ್ತಾ, "ಇನ್ನೊಂದು ರಾತ್ರಿ ಕೊಡು. ಈ ಬಿಸಿಲಿಗೆ ಮೇಲೆ ಬರೋಕೆ ಹೆದರಿರಬಹುದು. ನೆರಳಿನ ಕಡೆ ಇಟ್ಟು ನೋಡ್ತೀನಿ."

"ನಾಳೆಯೂ ಮುಟ್ಟಿಲ್ಲ ಅಂದ್ರೆ?"

"ಯಂತ್ರದವನಿಗೆ ನಾನೇ ದಾರಿ ತೋರಿಸ್ತೀನಿ."

ಸಂಜೆ ಹುಣಸೆಯ ಬೇರಿನ ಪಕ್ಕ ಹೊಸ ಸಿವುಡು ಇಟ್ಟು ಕರಟ ಮುಚ್ಚುತ್ತಾರೆ. ಹುತ್ತದ ದೈವಕ್ಕೆಂದು ಅಂಟನ್ನದ ಒಂದು ಉಂಡೆ ಇಡುತ್ತಾರೆ. "ದೈವ ತಿನ್ನುತ್ತೋ ಇಲಿ ತಿನ್ನುತ್ತೋ," ಎಂದು ಥೋಂಗ್‌ಸಾ ನಗುತ್ತಾರೆ. "ಯಾರಾದ್ರೂ ತಿನ್ಲಿ, ನಿನಗಂತೂ ಇಲ್ಲ," ಎಂದು ಪೋನ್‌ಕೇವ್ ಸೊಂಟ ಹಿಡಿದುಕೊಂಡು ಏಳುತ್ತಾರೆ.

ಮರುದಿನ ಬೆಳಕು ಹರಿಯುವ ಮೊದಲೇ ಥೋಂಗ್‌ಸಾ ಅಲ್ಲಿದ್ದಾರೆ. ಪೋನ್‌ಕೇವ್ ಬರುವವರೆಗೆ ಕರಟ ಮುಟ್ಟಿಲ್ಲ. ಎತ್ತಿ ನೋಡಿದರೆ ಹುಲ್ಲಿನ ಒಂದು ತುದಿಗೆ, ಹೆಬ್ಬೆರಳಿನಷ್ಟು ಅಗಲಕ್ಕೆ, ಹಸಿ ಮಣ್ಣು ಮೆತ್ತಿದೆ. ಉಳಿದದ್ದೆಲ್ಲ ಒಣಹುಲ್ಲು.

"ಇಷ್ಟೇನಾ?" ಎಂದು ಥೋಂಗ್‌ಸಾ ಮಣ್ಣನ್ನು ಉಗುರಿನಿಂದ ಕೆರೆಯುತ್ತಾರೆ. ಮರುಕ್ಷಣ ಕೈ ಒದರುತ್ತಾರೆ. "ಅಯ್ಯಯ್ಯೋ, ಕಚ್ಚಿಬಿಡ್ತು!"

"ಸತ್ತಿದ್ದು ಕಚ್ಚುತ್ತಾ ಮೈದುನ?"

ಬೆರಳಿನ ತುದಿಯಲ್ಲಿ ಕಂದು ತಲೆಯೊಂದು ನೇತಾಡುತ್ತಿದೆ. ಪೋನ್‌ಕೇವ್ ಅದನ್ನು ಬಿಡಿಸಲು ಹೋಗುವುದಿಲ್ಲ. ಕೆರೆದ ಜಾಗಕ್ಕೆ ಎಂಜಲು ಹಚ್ಚಿದ ಮಣ್ಣು ಒತ್ತಿ, ಕರಟ ಮುಚ್ಚುತ್ತಾರೆ. ಕೆಲಸದಲ್ಲಿ ಹೆಮ್ಮೆ ಏನಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ ಹೇಳುತ್ತಾರೆ: "ನಾನು ಕಡಿದ ಹುತ್ತ ಬಹಳ ಕಡೆ ಇನ್ನೂ ನಿಂತಿವೆ. ಅಷ್ಟೇ."

ಯಂತ್ರ ಎಂಟೂವರೆಗೆ ಬಂತು. ಥೋಂಗ್‌ಸಾ ಚಾಲಕನನ್ನು ಬದುವಿನಲ್ಲೇ ತಡೆದರು. ಅದು ಪಕ್ಕದ ಗದ್ದೆಗೆ ತಿರುಗಿ, ಊಟದ ಹೊತ್ತಿಗೆ ಅಲ್ಲಿದ್ದ ಮೂರು ಹುತ್ತ ಎತ್ತಿಕೊಂಡು ಹೋಯಿತು. ಸುಸ್ತಾದ ಹುತ್ತಕ್ಕೆ ಒಂದು ವರ್ಷ ಬಿಡುವು ಕೊಡಬೇಕು ಎನ್ನುವುದೂ ಆ ಕಟ್ಟಿನಲ್ಲೇ ಇದೆ. ಈ ಸಲ ಥೋಂಗ್‌ಸಾ ಸಸಿಮಡಿಗೆ ಎಮ್ಮೆ ಸಗಣಿ ಹಾಕಿದರು. ಪೋನ್‌ಕೇವ್ ಕೆಲಸ ಹುಡುಕಿಕೊಂಡು ಹೊಳೆಯಾಚೆಯ ಊರಿಗೆ ಹೋದರು.