ಓಟಿಗೆ ಜೊತೆ ಹೋಗುವವರು

ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಓಣಿಗೆ ಇವತ್ತು ಕೆಂಪು ಬಾಳೆಹಣ್ಣಿನ ಗಾಡಿ ಬಂತು. ಆ ವಾಸನೆ ಬಂದರೆ ನನಗೆ ಆ ಹಣ್ಣು ಬೆಳೆಯುವ ಕಮಲಾಪುರ ನೆನಪಾಗುತ್ತದೆ, ಕಮಲಾಪುರ ನೆನಪಾದರೆ ಮಾದೇವಮ್ಮ. ನಿಮಗೂ ಒಂದೊಂದು ಊರೆಂದರೆ ಒಬ್ಬೊಬ್ಬರೇ ನೆನಪಾಗುತ್ತಿರಬಹುದು.

ಆಗ ನಾನು ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಊರಲ್ಲಿ ಕಳವು, ಹೊಡೆದಾಟ ನಡೆದರೆ ಜನರ ಓಟು ಬದಲಾಗುತ್ತದೆಯೇ, ಆ ಬದಲಾವಣೆ ಒಬ್ಬರಿಂದ ಒಬ್ಬರಿಗೆ ಹೇಗೆ ಹಬ್ಬುತ್ತದೆ ಎಂಬುದು ವಿಷಯ. ಕಂಪ್ಯೂಟರಿನಲ್ಲಿ ಮನುಷ್ಯರೆಲ್ಲ ಚುಕ್ಕಿ, ಅವರ ಮಾತುಕತೆಯೆಲ್ಲ ಗೆರೆ. ಇಲ್ಲಿನ ಕೋಟೆಯ ಹತ್ತಿರದ ಬಾಡಿಗೆ ಕೋಣೆಯಲ್ಲಿ ಕೂತು ಗೆರೆ ಎಳೆಯುತ್ತ, ಕಮಲಾಪುರವನ್ನೇ ಅರೆದು ಕುಡಿದೆ ಎಂದುಕೊಂಡಿದ್ದೆ. ವಯಸ್ಸು ಹಾಗಿತ್ತು.

ಸಮೀಕ್ಷೆಗೆಂದು ಕಮಲಾಪುರಕ್ಕೆ ಹೋಗಿ, ಓಟಿನ ಬಗ್ಗೆ ಯಾರೊಡನೆ ಮಾತಾಡುತ್ತೀರಿ ಎಂದು ಮೊದಲ ಸಲ ಕೇಳಿದಾಗ ಮಾದೇವಮ್ಮ ನಕ್ಕಿದ್ದರು. "ಯಾರ ಕೂಡ ಮಾತಾಡಂಗಿಲ್ಲ ಅಂತ ಕೇಳು ತಂಗಿ. ಬಾಜು ಮನಿ ರತ್ನವ್ವ ಅಂತೂ ನನ್ನ ಬಿಟ್ಟು ಓಟಿಗೇ ಹೋಗಂಗಿಲ್ಲ."

ಮುಂದೆ ಅವರ ಮನೆಯಲ್ಲಿ ಕಳವಾಯಿತು. ಕೀಲಿ ಇಡುವ ಜಾಗ ರತ್ನವ್ವನಿಗೆ ಮಾತ್ರ ಗೊತ್ತಿತ್ತು. ಚುನಾವಣೆ ಮುಗಿದ ಮೇಲೆ ನಾನು ಮತ್ತೆ ಹೋದೆ. ಸಿಟ್ಟಿನಿಂದ ಬೇರೆ ಪಕ್ಷಕ್ಕೆ ಹಾಕಿರುತ್ತಾರೆ ಎಂಬುದು ನನ್ನ ಲೆಕ್ಕ.

"ಓಟು ಹಾಕಿಲ್ಲ ತಂಗಿ," ಎಂದರು. "ಯಾರ ಕೂಡ ಹೋಗ್ಲಿ?"

"ಕಳ್ಳರು ಸಿಕ್ಕಾರಂತಲ್ರಿ ಅಮ್ಮಾ?"

"ಸಿಕ್ಕಾರ. ಬ್ಯಾರೆ ಊರಾವ್ರು." ಸೆರಗು ಸರಿಮಾಡಿಕೊಂಡರು. "ಓಣಿ ಮಂದಿ ಮುಂದ ನಾ ರತ್ನವ್ವನ ಹೆಸರು ತಗೊಂಡಿದ್ದೆ. ಈಗ ಯಾವ ಮಾರಿ ಇಟ್ಕೊಂಡು ಕರೀಲಿ?"

ಕಲಬುರಗಿಗೆ ಬಂದು ನಮ್ಮ ಗೈಡ್ ಸರ್‌ಗೆ ಇದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮಾಡೆಲ್‌ನಾಗ ಸಿಟ್ಟು ಹಾಕೀವಿ, ಅಂಜಿಕಿ ಹಾಕೀವಿ. ನಾಚಿಕಿ ಎಲ್ಲಿ ಹಾಕೋದು?"

ಪದವಿ ಬಂತು. ಅವರ ಪ್ರಶ್ನೆಗೆ ನಾನು ಇವತ್ತಿನವರೆಗೂ ಉತ್ತರ ಬರೆದಿಲ್ಲ.

ಹೋದ ವಾರ ನಮ್ಮ ಓಣಿಯಲ್ಲೂ ಕಳವಾಗಿದೆ. ಸಂಜೆ ಕಟ್ಟೆಯ ಮೇಲೆ ಕೂಡುತ್ತಿದ್ದವರು ಕ್ಯಾಮೆರಾ ಹಾಕಿಸಿಕೊಂಡು ಒಳಗೆ ಕೂತಿದ್ದಾರೆ. ಎದುರು ಮನೆಯ ಸುಮಕ್ಕ ನಮ್ಮ ಮನೆಗೆಲಸದವಳ ಮೇಲೆ ಸಂಶಯಪಟ್ಟರೆಂದು ತಿಳಿದು, ನಾನು ಅವರೊಡನೆ ಮಾತು ಬಿಟ್ಟಿದ್ದೆ. ನಾಳೆ ಮತದಾನ. ಈ ವಯಸ್ಸಿನಲ್ಲಿ ಸಿಟ್ಟು ಹೊತ್ತು ತಿರುಗುವುದೂ ದಣಿವಿನ ಕೆಲಸ. ಗಾಡಿ ಮುಂದೆ ಹೋದ ಮೇಲೆ ರಸ್ತೆ ದಾಟಿ ಅವರ ಬಾಗಿಲು ಬಡಿದೆ.

"ನಾಳೆ ಓಟಿಗೆ ಕೂಡೇ ಹೋಗೂಣೇನ್ರಿ ಅಕ್ಕಾ?"

ಕಿಟಕಿಯ ಸರಳುಗಳ ಹಿಂದಿನಿಂದ ಸುಮಕ್ಕ ನನ್ನನ್ನು ನೋಡಿದರು.

"ಮುಂಜಾನೆ ಬರ್ತೀನ್ರಿ," ಎಂದರು. ಚಿಲಕ ಮಾತ್ರ ತೆಗೆಯಲಿಲ್ಲ.