ಓಬಳೇಶಣ್ಣನ ಟೀ ಲೋಟ

ಹೊಳಲ್ಕೆರೆಯ ಮೆಕ್ಯಾನಿಕ್ ಓಬಳೇಶಣ್ಣ ಮೂರು ಗಾಲಿಯ ಬೈಕಿನ ಮುಂದಿನ ಶಾಕ್ ಅಬ್ಸರ್ಬರ್ ಬದಲಿಸಿದ ಮೇಲೆ ಮೊದಲು ತರಿಸುವುದು ಅಂಚಿನ ತನಕ ತುಂಬಿದ ಒಂದು ಲೋಟ ಟೀ, ಅದೂ ಕುಡಿಯುವುದಕ್ಕಲ್ಲ. ಕಾಲಿಗೆ ಬಲವಿಲ್ಲದವರು ಓಡಿಸುವ ಈ ಗಾಡಿಗಳನ್ನು ಅವನು ತಾನೇ ಓಡಿಸಿ ನೋಡಿದ್ದನ್ನು ನಾನಂತೂ ಕಂಡಿಲ್ಲ. "ಗಾಡಿ ನಿಮ್ದು, ನೀವೇ ಓಡಿಸ್ರಿ, ನಾನು ಹಿಂದೆ ಕುಂತ್ಕಂತೀನಿ" ಎಂದು ಲೋಟ ಹಿಡಿದೇ ಹತ್ತುತ್ತಾನೆ. ಬಸ್ ಸ್ಟ್ಯಾಂಡಿನ ಹಂಪ್ಸ್ ದಾಟುವಾಗ ಒಂದು ಹನಿ ಚೆಲ್ಲಿದರೂ ಮುಗೀತು, "ಇನ್ನೂ ಕುಣೀತೈತೆ ಕಣ್ರಿ" ಎಂದು ಎಲ್ಲವನ್ನೂ ಮತ್ತೆ ಬಿಚ್ಚುತ್ತಾನೆ. ಬಿ.ದುರ್ಗದ ರಂಗಯ್ಯನ ಗಾಡಿಯನ್ನು ನಾಲ್ಕನೇ ಸಲ ಬಿಚ್ಚಿದಾಗ ಟೀ ಅಂಗಡಿಯವನು ಬೇಸತ್ತು ಅರ್ಧ ಲೋಟ ಕಳಿಸಿದ್ದ; ಓಬಳೇಶಣ್ಣ ಅದನ್ನು ಹಾಗೇ ವಾಪಸ್ ಕಳಿಸಿದ. ಮೊನ್ನೆ ಅಂಗನವಾಡಿ ಟೀಚರ್ ಸರ್ವಮಂಗಳ ತನ್ನ ಗಾಡಿಯನ್ನು ಹಂಪ್ಸ್ ದಾಟಿಸಿದಾಗ ಒಂದು ಹನಿಯೂ ಚೆಲ್ಲಲಿಲ್ಲ. ಆಕೆ ಗಾಡಿ ನಿಲ್ಲಿಸಿ, ಹಿಂದಕ್ಕೆ ತಿರುಗದೆ ಹೇಳಿದಳು: "ಈ ಗಾಡಿ ಬಂದು ಆರು ವರ್ಷ ಆತಣ್ಣ. ನನ್ನ ನಂಬಿ ಹಿಂದೆ ಕುಂತೋರು ನೀವೇ ಮೊದ್ಲು." ಗಾಡಿ ನಿಂತೇ ಇತ್ತು. ಆದರೂ ಓಬಳೇಶಣ್ಣನ ಅಂಗಿಯ ಮೇಲೆಲ್ಲ ಟೀ ಚೆಲ್ಲಿತು. "ಶಾಕು ಸರಿಯಾಗೈತೆ. ನಡಿ ತಂಗಿ, ಇನ್ನೊಂದಿಷ್ಟು ದೂರ ಹೋಗಾಣ" ಅಂದ.